ಪವರ್ ಸ್ಟೀರಿಂಗ್ ಪಂಪ್ ಮನೆಯಲ್ಲೇ ಬದಲಾಯಿಸುವುದು: ಬಿಚ್ಚುವ ಮುಂಚೆ, ಕೂರಿಸಿದ ಮೇಲೆ

ಮೊದಲು ಬಾನೆಟ್ ಎತ್ತಿ, ನಿಮ್ಮ ಕಾರಿನಲ್ಲಿ ಈ ಪಂಪ್ ಇದೆಯಾ ಅಂತ ನೋಡಿ. ತಮಾಷೆಗೆ ಹೇಳುತ್ತಿಲ್ಲ. ಸ್ವಿಫ್ಟ್, ಐ10 ಥರದ ಕಾರುಗಳಲ್ಲಿ ಸ್ಟೀರಿಂಗ್ ಹಗುರ ಮಾಡುವುದು ಎಲೆಕ್ಟ್ರಿಕ್ ಮೋಟಾರ್. ಅಲ್ಲಿ ಪಂಪೂ ಇಲ್ಲ, ಆಯಿಲೂ ಇಲ್ಲ, ಈ ಲೇಖನದಿಂದ ನಿಮಗೆ ಉಪಯೋಗವೂ ಇಲ್ಲ. ಹಳೇ ಆಕ್ಸೆಂಟ್, ಎಸ್ಟೀಮ್, ಇಂಡಿಗೊ, ಸುಮೊ, ಹಳೇ ಸ್ಕಾರ್ಪಿಯೊ, ಇನ್ನೋವಾ ಇಂಥವು ಆಯಿಲ್ ಪಂಪಿನ ಗಾಡಿಗಳು. ಬಾನೆಟ್ ಕೆಳಗೆ ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿ ಇದ್ದು, ಅದರ ಮುಚ್ಚಳದ ಮೇಲೆ ಸ್ಟೀರಿಂಗ್ ಚಕ್ರದ ಚಿತ್ರ ಇದ್ದರೆ ನಿಮ್ಮದೂ ಅದೇ ಜಾತಿ. ಇವೆರಡರ ಮಧ್ಯದ ಇನ್ನೊಂದು ಜಾತಿಯೂ ಇದೆ. ಸ್ಕೋಡಾ ಫ್ಯಾಬಿಯಾದಂಥ ಕೆಲವು ಕಾರುಗಳಲ್ಲಿ ಆಯಿಲ್ ಇರುತ್ತದೆ, ಆದರೆ ಪಂಪ್ ತಿರುಗಿಸುವುದು ಬೆಲ್ಟ್ ಅಲ್ಲ, ಕರೆಂಟ್ ಮೋಟಾರ್. ಅದಕ್ಕೆ ಮನೆಯಲ್ಲಿ ಕೈ ಹಾಕಬೇಡಿ.

ಕೆಲವು ಡೀಸೆಲ್ ಇಂಜಿನ್‌ಗಳಲ್ಲಿ ಪಂಪ್ ಬೆಲ್ಟ್‌ನಿಂದ ತಿರುಗುವುದಿಲ್ಲ, ಇಂಜಿನ್ ಒಳಗಿನ ಗೇರ್‌ನಿಂದ ತಿರುಗುತ್ತದೆ. ಅದೂ ಬೇರೆ ಕೆಲಸ. ನಾನು ಇಲ್ಲಿ ಹೇಳುತ್ತಿರುವುದು ಹೊರಗೆ ಕಾಣುವ ಪುಲ್ಲಿ, ಅದಕ್ಕೊಂದು ಬೆಲ್ಟ್ ಇರುವ ಸಾಮಾನ್ಯ ಪಂಪಿನ ಬಗ್ಗೆ ಮಾತ್ರ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪಂಪ್ ಬಿಚ್ಚಿ ಹೊಸದು ಕೂರಿಸುವುದು ಈ ಕೆಲಸದಲ್ಲಿ ಸಣ್ಣ ಭಾಗ. ಕೆಟ್ಟಿರುವುದು ಪಂಪೇನಾ ಅಂತ ಖಚಿತ ಮಾಡಿಕೊಳ್ಳುವುದು, ಆಮೇಲೆ ಹಳೇ ಕೊಳೆ ತೆಗೆದು ಏರ್ ಬಿಡಿಸುವುದು, ಇವೆರಡೇ ನಿಜವಾದ ಕೆಲಸ. ಹೊಸ ಪಂಪ್ ಹಾಕಿಸಿ ಸ್ವಲ್ಪ ದಿನಕ್ಕೇ "ಅದೇ ಸೌಂಡ್ ಮತ್ತೆ ಬರ್ತಿದೆ" ಅನ್ನುವವರ ಗಾಡಿ ನೋಡಿದರೆ ಸಾಮಾನ್ಯವಾಗಿ ಈ ಎರಡರಲ್ಲಿ ಒಂದನ್ನು ಯಾರೋ ಹಾರಿಸಿರುತ್ತಾರೆ.

ಪಂಪ್ ನಿಜವಾಗಲೂ ಹೋಗಿದೆಯಾ?

ಒಳಗೇನಿದೆ ಅಂತ ಸ್ವಲ್ಪ ಗೊತ್ತಿದ್ದರೆ ಸೌಂಡ್ ಕೇಳಿಯೇ ಅರ್ಧ ಹೇಳಬಹುದು. ಪಂಪಿನೊಳಗೆ ಒಂದು ರೋಟರ್, ಅದರ ಸುತ್ತ ಸೀಳುಗಳು, ಒಂದೊಂದು ಸೀಳಿನಲ್ಲೂ ಒಳಗೆ ಹೊರಗೆ ಜಾರುವ ಒಂದೊಂದು ಸ್ಟೀಲ್ ಪಟ್ಟಿ. ರೋಟರ್ ತಿರುಗಿದಾಗ ಈ ಪಟ್ಟಿಗಳು ಆಯಿಲನ್ನು ಒಂದು ಕಡೆಯಿಂದ ಎಳೆದು ಇನ್ನೊಂದು ಕಡೆಗೆ ಒತ್ತುತ್ತವೆ. ಆ ಒತ್ತಡವೇ ಸ್ಟೀರಿಂಗ್ ರ‍್ಯಾಕ್‌ಗೆ (ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಳ್ಳುವ ಅಡ್ಡ ಸರಳಿನ ಭಾಗ) ಹೋಗಿ ಚಕ್ರ ತಿರುಗಿಸಲು ಸಹಾಯ ಮಾಡುತ್ತದೆ. ಪಟ್ಟಿಗಳು ಸವೆದರೆ ಒತ್ತಡ ಕಡಿಮೆಯಾಗುತ್ತದೆ. ಆಯಿಲ್ ಜೊತೆ ಗಾಳಿ ಒಳಗೆ ಹೋದರೆ ಗೊಂಯ್ ಅನ್ನುತ್ತದೆ. ಎರಡರಲ್ಲೂ ದೂರು ಒಂದೇ ಥರ ಕೇಳುತ್ತದೆ, ರಿಪೇರಿ ಮಾತ್ರ ಬೇರೆ.

ಹಾಗಾಗಿ ಸುಲಭದ್ದರಿಂದ ಶುರು ಮಾಡಿ. ಮುಂದಿನ ಟೈರುಗಳ ಗಾಳಿ ನೋಡಿ. ಗಾಳಿ ಕಡಿಮೆ ಇದ್ದರೂ ಸ್ಟೀರಿಂಗ್ ಹಾರ್ಡ್ ಆಗುತ್ತದೆ, ಪಂಪಿಗೆ ಸಂಬಂಧವೇ ಇಲ್ಲ. ಆಮೇಲೆ ಡಬ್ಬಿಯಲ್ಲಿ ಆಯಿಲ್ ಮಟ್ಟ. ಬಹಳಷ್ಟು ಡಬ್ಬಿಗಳ ಮೇಲೆ ಇಂಜಿನ್ ಬಿಸಿ ಇದ್ದಾಗ ಎಷ್ಟಿರಬೇಕು, ತಣ್ಣಗಿದ್ದಾಗ ಎಷ್ಟಿರಬೇಕು ಅಂತ ಬೇರೆ ಬೇರೆ ಗೆರೆ ಇರುತ್ತವೆ. ಮಟ್ಟ ಇಳಿದಿದೆ ಅಂದರೆ ಎಲ್ಲೋ ಲೀಕ್ ಇದೆ, ಯಾಕೆಂದರೆ ಈ ಆಯಿಲ್ ಇಂಜಿನ್ ಆಯಿಲಿನ ಹಾಗೆ ಉರಿದು ಹೋಗುವುದಿಲ್ಲ. ಸುಮ್ನೆ ತುಂಬಿಸಿ ಓಡಿಸಿದರೆ ಮತ್ತೆ ಇಳಿಯುತ್ತದೆ, ಅಷ್ಟೇ.

ಬೆಲ್ಟ್ ಸೌಂಡ್ ಬೇರೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ, ಇಲ್ಲವೇ ಮಳೆಯಲ್ಲಿ ನೀರು ನಿಂತ ಅಂಡರ್‌ಪಾಸ್ ದಾಟಿ ಬಂದ ಮೇಲೆ, ಫುಲ್ ಕಟ್ ಹೊಡೆದಾಗ ಕಿರ್ರ್ ಅಂತ ಕಿರುಚಿದರೆ ಅದು ಬೆಲ್ಟ್ ಜಾರುತ್ತಿರುವ ಸೌಂಡ್. ಬೆಲ್ಟ್ ಟೈಟ್ ಮಾಡಿದರೆ ಅಥವಾ ಹೊಸದು ಹಾಕಿದರೆ ಮುಗಿಯಿತು. ಪಂಪಿನ ಸೌಂಡ್ ಕಿರುಚುವುದಿಲ್ಲ, ಗೊಂಯ್ ಅಂತ ಮೊರೆಯುತ್ತದೆ. ಆಕ್ಸಿಲರೇಟರ್ ಒತ್ತಿದಂತೆ ಅದರ ಸ್ವರ ಏರುತ್ತದೆ, ಸ್ಟೀರಿಂಗ್ ತಿರುಗಿಸಿದಾಗ ಇನ್ನೂ ಜಾಸ್ತಿ.

ಗೊಂಯ್ ಅಂದ ತಕ್ಷಣ ಪಂಪ್ ತರಲು ಓಡಬೇಡಿ. ಇಂಜಿನ್ ಓಡುತ್ತಿರುವಾಗ ಡಬ್ಬಿಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಎತ್ತಿ ಹೊಯ್ದ ಕಾಫಿಯ ಮೇಲಿನ ಹಾಗೆ ನೊರೆ ಕಟ್ಟಿದ್ದರೆ, ಕೆಂಪು ಆಯಿಲ್ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಗಾಳಿ ಸೇರುತ್ತಿದೆ. ಡಬ್ಬಿಯಿಂದ ಪಂಪಿಗೆ ಹೋಗುವ ದಪ್ಪ ರಬ್ಬರ್ ಹೋಸ್ ವರ್ಷಗಟ್ಟಲೆ ಬಿಸಿ ತಿಂದು ಗಟ್ಟಿಯಾಗಿ, ಕ್ಲಿಪ್ ಕೂರುವ ಜಾಗದಲ್ಲಿ ಸಣ್ಣ ಬಿರುಕು ಬಿಟ್ಟಿರುತ್ತದೆ. ಅಲ್ಲಿ ಪಂಪ್ ಎಳೆಯುತ್ತಿರುತ್ತದೆ, ಹಾಗಾಗಿ ಆಯಿಲ್ ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಜಾಸ್ತಿ. ಕೆಳಗೆ ಒಂದು ತೊಟ್ಟೂ ಬಿದ್ದಿರುವುದಿಲ್ಲ. ಒಂದು ಮೊಳ ಹೋಸ್, ಎರಡು ಕ್ಲಿಪ್ಪಿನಲ್ಲಿ ಮುಗಿಯುವ ಕೆಲಸಕ್ಕೆ ಎಷ್ಟೋ ಜನ ಇಡೀ ಪಂಪ್ ಬದಲಾಯಿಸಿದ್ದಾರೆ. ಇನ್ನೊಂದು, ಕೆಲವು ಡಬ್ಬಿಗಳ ತಳದಲ್ಲಿ ಜಾಲರಿ ಫಿಲ್ಟರ್ ಇರುತ್ತದೆ. ಅದು ಕಟ್ಟಿಕೊಂಡರೂ ಪಂಪಿಗೆ ಆಯಿಲ್ ಸಾಕಾಗದೆ ಇದೇ ಸೌಂಡ್ ಬರುತ್ತದೆ.

ರ‍್ಯಾಕ್ ಕೂಡ ನೋಡಿ. ಮುಂದಿನ ಚಕ್ರಗಳ ಹಿಂದೆ, ರ‍್ಯಾಕಿನ ಎರಡೂ ತುದಿಗೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್ ಇರುತ್ತದೆ. ಅದನ್ನು ಹಿಸುಕಿದಾಗ ಒಳಗೆ ಆಯಿಲ್ ತುಂಬಿಕೊಂಡು ಮೆತ್ತಗಿದ್ದರೆ ಲೀಕ್ ಆಗುತ್ತಿರುವುದು ರ‍್ಯಾಕ್ ಸೀಲ್. ಅದು ಸ್ಟೀರಿಂಗ್ ಕೆಲಸವನ್ನೇ ಮಾಡುವ ಗ್ಯಾರೇಜಿನವರ ಕೆಲಸ.

ಇಷ್ಟೆಲ್ಲ ಸರಿ ಇದ್ದು, ಪುಲ್ಲಿಯ ಹಿಂದಿನಿಂದ ಆಯಿಲ್ ಜಿನುಗುತ್ತಿದ್ದರೆ, ಅಥವಾ ಇಂಜಿನ್ ಆಫ್ ಮಾಡಿ, ಬೆಲ್ಟ್ ತೆಗೆದು ಪುಲ್ಲಿ ಹಿಡಿದು ಅಲ್ಲಾಡಿಸಿದಾಗ ಆಟ ಕಂಡರೆ, ಅಥವಾ ಆಯಿಲ್ ತುಂಬಿದ್ದು ಬೆಲ್ಟ್ ಟೈಟ್ ಇದ್ದೂ ನಿಂತ ಗಾಡಿಯಲ್ಲಿ ಸ್ಟೀರಿಂಗ್ ಹಾರ್ಡ್, ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಹಗುರ ಅನ್ನಿಸಿದರೆ, ಆಗ ಅನುಮಾನ ಪಂಪ್ ಮೇಲೆ ಬರಲಿ. ಸೀಲ್ ಒಂದೇ ಹೋಗಿದ್ದರೆ ಸೀಲ್ ಕಿಟ್ ಹಾಕಿ ರಿಪೇರಿ ಮಾಡಿಕೊಡುವವರೂ ಇದ್ದಾರೆ. ಒಳಗೆ ಸವೆದಿದ್ದರೆ ಕಿಟ್‌ನಿಂದ ಏನೂ ಆಗುವುದಿಲ್ಲ.

ಸಾಮಾನು ತರುವುದು

ಬೆಂಗಳೂರಿನಲ್ಲಿ ಸ್ಪೇರ್ ಪಾರ್ಟ್ಸ್ ಅಂದರೆ ಜೆಸಿ ರೋಡ್. ಟೂಲ್ಸ್ ಬೇಕಾದರೆ ಅಲ್ಲಿಂದ ಹತ್ತಿರದಲ್ಲೇ ಎಸ್‌ಪಿ ರೋಡ್, ಅಂದರೆ ಸಾದರ ಪತ್ರಪ್ಪ ರಸ್ತೆ. ಭಾನುವಾರ ಬಹುತೇಕ ಬಾಗಿಲು ಹಾಕಿರುತ್ತಾರೆ, ಹಾಗಾಗಿ ಭಾನುವಾರ ಬೆಳಿಗ್ಗೆ ಗಾಡಿ ಬಿಚ್ಚಿ ಒಂದು ವಾಷರ್ ಕಡಿಮೆ ಬಿತ್ತು ಅಂತಾದರೆ ಸೋಮವಾರದವರೆಗೂ ಗಾಡಿ ಹಾಗೇ ನಿಲ್ಲುತ್ತದೆ. ಕಾರಿನಲ್ಲಿ ಹೋಗಬೇಡಿ, ಪಾರ್ಕಿಂಗ್ ಸಿಗುವುದಿಲ್ಲ.

ಅಂಗಡಿಯವರ ಮೊದಲ ಪ್ರಶ್ನೆ, "ಸರ್, ಹಳೇ ಪೀಸ್ ತಂದಿದೀರಾ?" ತಂದಿಲ್ಲ ಅಂದರೆ ಆರ್‌ಸಿ ಕಾರ್ಡಿನಲ್ಲಿರುವ ಚಾಸಿಸ್ ನಂಬರ್, ಗಾಡಿಯ ವರ್ಷ, ಪೆಟ್ರೋಲಾ ಡೀಸೆಲಾ, ಮತ್ತು ಹಳೇ ಪಂಪಿನ ನಾಲ್ಕೂ ಕಡೆಯ ಫೋಟೋ ಇಟ್ಟುಕೊಂಡು ಹೋಗಿ. ಒಂದೇ ಮಾಡೆಲಿನಲ್ಲೂ ಪೈಪ್ ಕೂರುವ ದಿಕ್ಕು, ಪುಲ್ಲಿಯ ಅಳತೆ ಬೇರೆ ಬೇರೆ ಇರಬಹುದು. ಶಿವಾಜಿನಗರದ ಗುಜರಿಯಲ್ಲಿ ಹಳೇ ಗಾಡಿಯಿಂದ ಬಿಚ್ಚಿದ ಪಂಪೂ ಸಿಗುತ್ತದೆ. ಹೊಸದು ಬರುವುದೇ ನಿಂತಿರುವ ಹಳೇ ಮಾಡೆಲಿಗೆ ಬೇರೆ ದಾರಿ ಇಲ್ಲದಿರಬಹುದು, ಇಲ್ಲದಿದ್ದರೆ ನಾನು ಗುಜರಿ ಪಂಪ್ ತೆಗೆದುಕೊಳ್ಳುವುದಿಲ್ಲ. ಅದು ಯಾವ ಆಯಿಲ್ ಕುಡಿದು, ಎಷ್ಟು ವರ್ಷ ಓಡಿದೆಯೋ ಯಾರಿಗೆ ಗೊತ್ತು. ತೆಗೆದುಕೊಳ್ಳಲೇಬೇಕಾದರೆ ಶಾಫ್ಟ್ ಕೈಯಲ್ಲಿ ತಿರುಗಿಸಿ, ಒಂದೇ ಸಮ ತಿರುಗಬೇಕು, ಎಲ್ಲೂ ಗರಗರ ಅನ್ನಬಾರದು, ಅಲ್ಲಾಡಬಾರದು.

ಪಂಪ್ ಜೊತೆಗೆ ಇವನ್ನೂ ತನ್ನಿ: ಪ್ರೆಶರ್ ಪೈಪಿನ (ಪಂಪಿನಿಂದ ಒತ್ತಡದ ಆಯಿಲ್ ಹೊರಗೆ ಒಯ್ಯುವ ಪೈಪ್) ಬೋಲ್ಟಿಗೆ ಹೊಸ ತಾಮ್ರದ ವಾಷರ್ ಅಥವಾ ನಿಮ್ಮ ಗಾಡಿಗೆ ಯಾವುದಿದೆಯೋ ಆ ಓ ರಿಂಗ್, ಸಕ್ಷನ್ ಹೋಸ್ (ಡಬ್ಬಿಯಿಂದ ಪಂಪಿಗೆ ಹೋಗುವ ಆ ದಪ್ಪ ಹೋಸ್), ಅದರ ಕ್ಲಿಪ್‌ಗಳು, ಬೆಲ್ಟ್ ಹಳೆಯದಾಗಿದ್ದರೆ ಅದೂ. ಹೋಸ್ ಕೇಳುವಾಗ ಪವರ್ ಸ್ಟೀರಿಂಗ್ ಆಯಿಲಿಗೆ ಅಂತಲೇ ಕೇಳಿ. ರೇಡಿಯೇಟರ್ ನೀರಿನ ಹೋಸ್ ಹಾಕಿದರೆ ಆಯಿಲಿಗೆ ಊದಿಕೊಂಡು ಮೆತ್ತಗಾಗಿ ಒಳಗೇ ಪದರ ಬಿಡುತ್ತದೆ.

ಆಯಿಲ್ ವಿಷಯದಲ್ಲಿ ಮಾತ್ರ ಯಾರ ಬಾಯಿಮಾತೂ ಕೇಳಬೇಡಿ, ಡಬ್ಬಿಯ ಮುಚ್ಚಳ ಮತ್ತು ಗಾಡಿಯ ಪುಸ್ತಕ ಓದಿ. ಟೊಯೋಟಾ ಸೇರಿ ಹಲವು ಗಾಡಿಗಳಿಗೆ ಡೆಕ್ಸ್ರಾನ್ ಜಾತಿಯ ಕೆಂಪು ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್. ಹಳೇ ಹ್ಯುಂಡೈಗಳಿಗೆ ಪಿಎಸ್‌ಎಫ್-3. ಹೋಂಡಾದವರು ತಮ್ಮದೇ ಆಯಿಲ್ ಹಾಕಿ ಅನ್ನುತ್ತಾರೆ. ಸ್ಕೋಡಾ, ಫೋಕ್ಸ್‌ವ್ಯಾಗನ್‌ಗಳದ್ದು ಹಸಿರು. ಒಂದಕ್ಕೊಂದು ಬೆರೆಸಬೇಡಿ. ಬ್ರೇಕ್ ಆಯಿಲ್ ಅಂತೂ ತಪ್ಪಿಯೂ ಹಾಕಬಾರದು. ಅದು ಸ್ಟೀರಿಂಗಿನ ರಬ್ಬರ್ ಸೀಲುಗಳನ್ನು ಊದಿಸಿ ಹಾಳು ಮಾಡುತ್ತದೆ, ಪಂಪ್ ಜೊತೆ ರ‍್ಯಾಕೂ ಹೋಗುತ್ತದೆ. ಡಬ್ಬಿಗಳು ಅಕ್ಕಪಕ್ಕದಲ್ಲೇ ಇರುತ್ತವೆ, ಅವಸರದಲ್ಲಿ ಕೈ ತಪ್ಪುವುದು ಸುಲಭ. ತೊಳೆಯುವುದಕ್ಕೂ ಸೇರಿಸಿ ಎರಡು ಲೀಟರ್ ತಂದರೆ ಸಾಮಾನ್ಯವಾಗಿ ಸಾಕು.

ಟೂಲ್ಸ್ ದೊಡ್ಡದೇನಿಲ್ಲ. ಸಾಕೆಟ್ ಸೆಟ್, ರಿಂಗ್ ಸ್ಪ್ಯಾನರುಗಳು, ಕಟಿಂಗ್ ಪ್ಲೇಯರ್, ಜಾಕಿ, ಎರಡು ಜಾಕ್ ಸ್ಟ್ಯಾಂಡ್, ಅಗಲವಾದ ಹಳೇ ಟ್ರೇ, ಒಂದಷ್ಟು ಬನಿಯನ್ ವೇಸ್ಟ್. ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ 50 ಎಂಎಲ್ ಸಿರಿಂಜ್ ಒಂದು ತನ್ನಿ, ಡಬ್ಬಿಯಿಂದ ಆಯಿಲ್ ಎಳೆಯಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆದು ಬಿಗಿಯುವ ಸ್ಪ್ಯಾನರ್) ಇದ್ದರೆ ಒಳ್ಳೆಯದು.

ಜಾಗ ಮತ್ತು ಜಾಕಿ

ಸಮತಟ್ಟಾದ ಜಾಗ ಬೇಕು. ಮನೆ ಮುಂದಿನ ಇಳಿಜಾರಿನ ರ‍್ಯಾಂಪ್ ಮೇಲೆ ಬೇಡವೇ ಬೇಡ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ಆದರೆ ಅಸೋಸಿಯೇಷನ್‌ನವರಿಗೆ ಮೊದಲೇ ಒಂದು ಮಾತು ಹೇಳಿ, ಕೆಳಗೆ ರಟ್ಟು ಹಾಸಿ. ನೆಲದ ಮೇಲೆ ಕೆಂಪು ಆಯಿಲ್ ಕಲೆ ಬಿದ್ದ ಮೇಲೆ ಸಮಾಧಾನ ಹೇಳುವುದು ಕಷ್ಟ.

ಇಂಜಿನ್ ಪೂರ್ತಿ ತಣ್ಣಗಾಗಲಿ. ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಮುಂದಿನ ಎರಡೂ ಕಡೆ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಎಲ್ಲಿ ಎತ್ತಬೇಕು ಅನ್ನುವುದು ಗಾಡಿಯ ಪುಸ್ತಕದಲ್ಲಿದೆ. ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ಕೈ ಕೂಡ ಹಾಕಬೇಡಿ. ಸಿಮೆಂಟ್ ಬ್ಲಾಕ್ ಇಟ್ಟು ಸುಮ್ಮನಾಗುವವರು ಬಹಳ ಜನ. ಬ್ಲಾಕ್ ಒಡೆಯುವ ಮುಂಚೆ ಸೂಚನೆ ಏನೂ ಕೊಡುವುದಿಲ್ಲ. ಆಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ತಟ್ಟನೆ ತಿರುಗಬಹುದು, ನಿಮ್ಮ ಕೈ ಇರುವುದು ಅದರ ಪಕ್ಕದಲ್ಲೇ.

ಬಿಚ್ಚುವುದು

ಒಂದು ಬೋಲ್ಟ್ ಮುಟ್ಟುವ ಮುಂಚೆ ಫೋಟೋ ತೆಗೆದುಕೊಳ್ಳಿ. ಬೆಲ್ಟ್ ಯಾವ ಪುಲ್ಲಿಯ ಮೇಲಿಂದ ಹೇಗೆ ಸುತ್ತಿದೆ, ಪೈಪುಗಳು ಯಾವ ಕೋನದಲ್ಲಿ ಕೂತಿವೆ, ಎಲ್ಲವೂ.

ಸಿರಿಂಜಿನಿಂದ ಡಬ್ಬಿಯ ಆಯಿಲ್ ಎಳೆದು ಒಂದು ಬಾಟಲಿಗೆ ಹಾಕಿ. ಅದರಲ್ಲಿ ಒಂದೆರಡು ಚಮಚದಷ್ಟನ್ನು ಬಿಳೀ ತಟ್ಟೆಗೆ ಸುರಿದು ಬಿಸಿಲಿನಲ್ಲಿ ಓರೆ ಮಾಡಿ ನೋಡಿ. ಬರೀ ಕಪ್ಪಗಿದ್ದರೆ ಹಳೇ ಆಯಿಲ್. ಬೆಳ್ಳಿಯ ಪುಡಿ ಹಾಗೆ ಮಿನುಗುವ ಕಣಗಳು ಹರಿದಾಡಿದರೆ, ತಟ್ಟೆಯ ಕೆಳಗೆ ಆಯಸ್ಕಾಂತ ಹಿಡಿದಾಗ ಅವು ಒಂದು ಕಡೆ ಸೇರಿದರೆ, ಪಂಪ್ ಒಳಗೇ ಸವೆದು ಪುಡಿಯಾಗಿದೆ. ಆ ಪುಡಿ ಈಗ ಪೈಪು, ರ‍್ಯಾಕು, ಡಬ್ಬಿ ಎಲ್ಲ ಕಡೆ ಇದೆ. ತೊಳೆಯದೆ ಹೊಸ ಪಂಪ್ ಹಾಕಿದರೆ ಅದೂ ಅದೇ ಪುಡಿ ಕುಡಿದು ಸಾಯುತ್ತದೆ. ಈ ತಟ್ಟೆ ಪರೀಕ್ಷೆ ಮಾಡದೆ ಯಾರೂ ಮುಂದೆ ಹೋಗಬಾರದು ಅನ್ನುವುದು ನನ್ನ ಅಭಿಪ್ರಾಯ.

ಪಂಪಿನ ಕೆಳಗೆ ಆಲ್ಟರ್ನೇಟರ್ ಇದ್ದರೆ ಅದಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ. ಆಯಿಲ್ ಅದರೊಳಗೆ ಹೋದರೆ ಇನ್ನೊಂದು ಖರ್ಚು.

ಪುಲ್ಲಿ ನಟ್‌ನಿಂದ ಕೂತಿದ್ದು, ಹೊಸ ಪಂಪಿಗೆ ಹಳೇ ಪುಲ್ಲಿಯನ್ನೇ ಹಾಕಬೇಕಾದರೆ, ಬೆಲ್ಟ್ ಇರುವಾಗಲೇ ಆ ನಟ್ ಸ್ವಲ್ಪ ಲೂಸ್ ಮಾಡಿ. ಬೆಲ್ಟ್ ಪುಲ್ಲಿಯನ್ನು ಹಿಡಿದುಕೊಂಡಿರುತ್ತದೆ. ಬೆಲ್ಟ್ ತೆಗೆದ ಮೇಲೆ ನಟ್ ಜೊತೆ ಪುಲ್ಲಿಯೂ ತಿರುಗುತ್ತಾ ಸತಾಯಿಸುತ್ತದೆ. ಆಮೇಲೆ ಪಂಪಿನ ಬೋಲ್ಟ್ ಮತ್ತು ಅಡ್ಜಸ್ಟ್ ಮಾಡುವ ಬೋಲ್ಟ್ ಸಡಿಲಿಸಿ, ಪಂಪನ್ನು ಇಂಜಿನ್ ಕಡೆ ತಳ್ಳಿದರೆ ಬೆಲ್ಟ್ ಜಾರಿ ಬರುತ್ತದೆ. ತಾನೇ ಟೈಟ್ ಆಗುವ ಟೆನ್ಷನರ್ ಇದ್ದರೆ ಅದನ್ನು ಸ್ಪ್ಯಾನರಿನಿಂದ ತಿರುಗಿಸಿ ಹಿಡಿದು ಬೆಲ್ಟ್ ತೆಗೆಯಿರಿ. ಮೇಲಿಂದ ಕೈ ಹೋಗದಿದ್ದರೆ ಆ ಕಡೆಯ ಚಕ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ತಡೆ ತೆಗೆದರೆ ಬಹಳಷ್ಟು ಕಾರುಗಳಲ್ಲಿ ದಾರಿ ಸಿಗುತ್ತದೆ.

ಪಂಪಿನ ಮೇಲೆ ಅಥವಾ ಪ್ರೆಶರ್ ಪೈಪಿನ ಮೇಲೆ ಒಂದು ಚಿಕ್ಕ ವೈರ್ ಕನೆಕ್ಟರ್ ಇದ್ದರೆ ಅದನ್ನು ಮೆಲ್ಲಗೆ ಬಿಡಿಸಿ. ಸ್ಟೀರಿಂಗ್ ಮೇಲೆ ಭಾರ ಬಿತ್ತು ಅಂತ ಇಂಜಿನ್ ಕಂಪ್ಯೂಟರ್‌ಗೆ ಹೇಳುವ ಸ್ವಿಚ್ ಅದು. ಮತ್ತೆ ಸಿಕ್ಕಿಸಲು ಮರೆತರೆ ಪಾರ್ಕ್ ಮಾಡುವಾಗ ಇಂಜಿನ್ ಮುಗ್ಗರಿಸುತ್ತದೆ.

ಟ್ರೇ ಕೆಳಗಿಡಿ. ಸಕ್ಷನ್ ಹೋಸಿನ ಕ್ಲಿಪ್ ಹಿಂದೆ ಸರಿಸಿ, ಹೋಸನ್ನು ಎಳೆಯುವ ಮುಂಚೆ ಒಂದು ಸುತ್ತು ತಿರುವಿ, ಆಗ ಸಲೀಸಾಗಿ ಬಿಡುತ್ತದೆ. ಉಳಿದ ಆಯಿಲ್ ಗಳಗಳ ಸುರಿಯುತ್ತದೆ, ತಯಾರಿರಿ. ಪ್ರೆಶರ್ ಪೈಪ್ ಎರಡು ಥರ ಇರುತ್ತದೆ. ಮಧ್ಯೆ ತೂತಿರುವ ಬೋಲ್ಟ್, ಅದರ ಎರಡೂ ಕಡೆ ವಾಷರ್ ಇದ್ದರೆ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್ ಸಾಕು. ಪೈಪಿನ ಮೇಲೇ ಕೂತ ನಟ್ ಆದರೆ ಸಾಮಾನ್ಯ ಡಬಲ್ ಎಂಡ್ ಸ್ಪ್ಯಾನರ್ ಹಾಕಿ ಜಗ್ಗಬೇಡಿ, ಮೂಲೆ ಸವೆದು ರೌಂಡ್ ಆಗುತ್ತದೆ. ಬ್ರೇಕ್ ಪೈಪಿಗೆ ಬಳಸುವ, ಬಾಯಿ ಸೀಳಿದ ರಿಂಗ್ ಸ್ಪ್ಯಾನರ್ ಬೇಕು. ಬಿಚ್ಚುವಾಗ ಇನ್ನೊಂದು ಕೈಯಲ್ಲಿ ಪೈಪ್ ಹಿಡಿದಿರಿ, ತಿರುಚಿಕೊಳ್ಳಬಾರದು. ಬಿಚ್ಚಿದ ಬಾಯಿಗಳಿಗೆಲ್ಲ ಶುಭ್ರವಾದ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಬೀದಿಯ ಧೂಳು ಒಳಗೆ ಹೋಗುವುದು ಬೇಡ.

ಉಳಿದದ್ದು ಪಂಪಿನ ಎರಡೋ ಮೂರೋ ಬೋಲ್ಟ್. ಉದ್ದ ಬೇರೆ ಬೇರೆ ಇರಬಹುದು, ಯಾವುದು ಎಲ್ಲಿಂದ ಬಂತು ಅಂತ ರಟ್ಟಿನ ಮೇಲೆ ಚಿತ್ರ ಬರೆದು ಅಲ್ಲಲ್ಲೇ ಚುಚ್ಚಿಡಿ.

ಪುಲ್ಲಿ: ಸುತ್ತಿಗೆ ಬೇಡ

ಹೊಸ ಪಂಪ್ ಪುಲ್ಲಿ ಸಮೇತ ಬಂದಿದ್ದರೆ ಈ ಭಾಗ ಬಿಟ್ಟುಬಿಡಿ. ನಟ್ ಪುಲ್ಲಿಯಾದರೂ ಸುಲಭ. ಒತ್ತಿ ಕೂರಿಸಿದ ಪುಲ್ಲಿಯಾದರೆ ಮಾತ್ರ ಹಳೇ ಪಂಪು, ಹೊಸ ಪಂಪು ಎರಡನ್ನೂ ಹಿಡಿದು ಹತ್ತಿರದ ಲೇತ್ ಅಂಗಡಿಗೆ ಹೋಗಿ. ಪುಲ್ಲರ್‌ನಿಂದ ತೆಗೆದು, ಪ್ರೆಸ್ ಮಾಡಿ ಕೂರಿಸಿಕೊಡುತ್ತಾರೆ, ಸಣ್ಣ ಖರ್ಚು. ಪ್ರೆಸ್ ಮಾಡುವಾಗ ಶಾಫ್ಟ್‌ಗೆ ಆಸರೆ ಕೊಡಿ, ಭಾರ ಪಂಪಿನ ಒಳಗೆ ಬೀಳಬಾರದು ಅಂತ ಬಾಯಿ ಬಿಟ್ಟು ಹೇಳಿ. ಸುತ್ತಿಗೆಯಿಂದ ತಟ್ಟಿ ಕೂರಿಸಿದರೆ ಪುಲ್ಲಿಯೇನೋ ಕೂರುತ್ತದೆ, ಆದರೆ ಆ ಏಟು ನೇರ ಒಳಗಿನ ರೋಟರಿಗೆ ಬೀಳುತ್ತದೆ. ಹಳೇ ಪುಲ್ಲಿ ಶಾಫ್ಟಿನ ತುದಿಯಿಂದ ಎಷ್ಟು ಒಳಗಿತ್ತು ಅಂತ ತೆಗೆಯುವ ಮುಂಚೆ ಅಳೆದಿಟ್ಟುಕೊಳ್ಳಿ. ಅಷ್ಟೇ ಕೂರದಿದ್ದರೆ ಬೆಲ್ಟ್ ಓರೆಯಾಗಿ ಓಡುತ್ತದೆ.

ತೊಳೆಯುವುದು, ಕೂರಿಸುವುದು

ಡಬ್ಬಿ ಬಿಚ್ಚಿ ಹೊರಗೆ ತೆಗೆಯಿರಿ. ಜಾಲರಿ ಇದ್ದರೆ ಬ್ರೇಕ್ ಕ್ಲೀನರ್ ಸ್ಪ್ರೇ ಹಾಕಿ ತೊಳೆದು ಪೂರ್ತಿ ಒಣಗಿಸಿ. ತೊಳೆದರೂ ಬಿಡದಷ್ಟು ಕಟ್ಟಿದ್ದರೆ, ಅಥವಾ ಫಿಲ್ಟರ್ ತೆಗೆಯಲಾಗದಂತೆ ಒಳಗೇ ಸೇರಿಸಿದ್ದರೆ ಹೊಸ ಡಬ್ಬಿಯೇ ಹಾಕಿ. ನೀರು ಸೋಕಿಸಬೇಡಿ.

ಈಗ ರ‍್ಯಾಕಿನೊಳಗಿನ ಹಳೇ ಆಯಿಲ್. ರ‍್ಯಾಕಿನಿಂದ ಡಬ್ಬಿಗೆ ವಾಪಸ್ ಬರುವ ತೆಳ್ಳಗಿನ ಹೋಸನ್ನು ಒಂದು ಬಾಟಲಿಗೆ ಇಳಿಬಿಡಿ. ಪ್ರೆಶರ್ ಪೈಪಿನ ಬಿಚ್ಚಿದ ತುದಿಯೂ ಟ್ರೇಯ ಮೇಲೇ ಇರಲಿ, ಅಲ್ಲಿಂದಲೂ ಒಂದಿಷ್ಟು ಬರುತ್ತದೆ. ಮುಂದಿನ ಚಕ್ರಗಳು ನೆಲ ಬಿಟ್ಟಿವೆ, ಇಂಜಿನ್ ಆಫ್. ಕೀ ಹಾಕಿ ಸ್ಟೀರಿಂಗ್ ಲಾಕ್ ಬಿಡಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸುತ್ತಾ ಇರಿ. ರ‍್ಯಾಕ್ ತಾನೇ ಹಳೇ ಆಯಿಲನ್ನು ಹೊರಗೆ ತಳ್ಳುತ್ತದೆ. ಬರುವುದು ನಿಲ್ಲುವವರೆಗೂ ಮಾಡಿ.

ಹೊಸ ಪಂಪನ್ನು ಹಳೆಯದರ ಪಕ್ಕ ಇಟ್ಟು ನೋಡಿ: ಪುಲ್ಲಿಯ ಅಗಲ, ಬೆಲ್ಟಿನ ಗೀರುಗಳ ಸಂಖ್ಯೆ, ಬೋಲ್ಟ್ ತೂತುಗಳು, ಪೈಪ್ ಬಾಯಿಗಳ ದಿಕ್ಕು. ಆಮೇಲೆ ಸಕ್ಷನ್ ಬಾಯಿಯಿಂದ ಹೊಸ ಆಯಿಲ್ ತುಂಬಿಸಿ, ಇನ್ನೊಂದು ಬಾಯಿಯಿಂದ ಆಯಿಲ್ ಬರುವವರೆಗೂ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ, ಇಂಜಿನ್ ತಿರುಗಿಸುವ ದಿಕ್ಕಿಗೇ. ಮೊದಲ ಕ್ಷಣದಲ್ಲಿ ಒಣಗಿ ತಿರುಗುವ ಪಂಪಿಗೆ ಅಲ್ಲೇ ಗೀರು ಬೀಳುತ್ತದೆ.

ಬೋಲ್ಟುಗಳನ್ನು ಮೊದಲು ಬೆರಳಲ್ಲೇ ತಿರುಗಿಸಿ ಹತ್ತಿಸಿ. ಪಂಪಿನ ಮೈ, ಬ್ರಾಕೆಟ್ ಎರಡೂ ಅಲ್ಯೂಮಿನಿಯಂ ಆಗಿರುವುದೇ ಹೆಚ್ಚು. ಓರೆಯಾಗಿ ಹೋದ ಬೋಲ್ಟನ್ನು ಸ್ಪ್ಯಾನರಿನಲ್ಲಿ ಬಲವಂತ ಮಾಡಿದರೆ ಥ್ರೆಡ್ ಹೋಯಿತು. ಪ್ರೆಶರ್ ಪೈಪಿಗೆ ಹೊಸ ವಾಷರ್ ಹಾಕಿ, ಹಳೆಯದು ಚೆನ್ನಾಗೇ ಕಂಡರೂ ಬೇಡ. ಪೈಪ್ ಎಲ್ಲೂ ಬಾಡಿಗೆ ಉಜ್ಜದಂತೆ ಮೊದಲಿನ ಕೋನದಲ್ಲೇ ಕೂರಿಸಿ, ಗಾಡಿಯ ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಟಾರ್ಕ್‌ಗೆ ಟೈಟ್ ಮಾಡಿ. ಈ ಪೈಪಿನಲ್ಲಿ ಫುಲ್ ಕಟ್ ಹೊಡೆದಾಗ ಕಾರಿನ ಟೈರಿನೊಳಗಿನ ಗಾಳಿಗಿಂತ ಹತ್ತಾರು ಪಟ್ಟು ಒತ್ತಡ ಇರುತ್ತದೆ. ಅಲ್ಲಿಂದ ಚಿಮ್ಮಿದ ಆಯಿಲ್ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಹೊಗೆಯಷ್ಟೇ ಅಲ್ಲ, ಬೆಂಕಿಯೂ ಬರಬಹುದು.

ಬೆಲ್ಟ್ ಹಾಕಿ ಪಂಪನ್ನು ಹೊರಗೆ ಎಳೆದು ಬೋಲ್ಟ್ ಬಿಗಿಯಿರಿ. ಉದ್ದನೆಯ ಭಾಗದ ಮಧ್ಯೆ ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿದರೆ ಸುಮಾರು 10 ಮಿಲಿಮೀಟರ್ ಒಳಗೆ ಹೋಗಬೇಕು, ಮ್ಯಾನುಯಲ್‌ನಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಜಾಸ್ತಿ ಟೈಟ್ ಮಾಡಿದರೆ ಪಂಪಿನ ಬೇರಿಂಗ್ ಬೇಗ ಹೋಗುತ್ತದೆ. ಹೊಸ ಬೆಲ್ಟ್ ಕೆಲವು ದಿನ ಓಡಿದ ಮೇಲೆ ಸ್ವಲ್ಪ ಸಡಿಲ ಆಗುತ್ತದೆ, ಮತ್ತೊಮ್ಮೆ ನೋಡಬೇಕು.

ಹಳೇ ಆಯಿಲಿನಲ್ಲಿ ಪುಡಿ ಕಂಡಿದ್ದರೆ ಇನ್ನೊಂದು ಸುತ್ತು ತೊಳೆಯಿರಿ. ಇದಕ್ಕೆ ಇನ್ನೊಬ್ಬರು ಬೇಕು. ಡಬ್ಬಿಯ ವಾಪಸ್ ಬಾಯಿಗೆ ಬಿರಡೆ ಹಾಕಿ, ವಾಪಸ್ ಹೋಸ್ ಬಾಟಲಿಯಲ್ಲೇ ಇರಲಿ. ಬ್ಯಾಟರಿ ವೈರ್ ಹಾಕಿ, ಫ್ಯೂಯಲ್ ಪಂಪಿನ ಫ್ಯೂಸ್ ತೆಗೆಯಿರಿ, ಇಂಜಿನ್ ಸ್ಟಾರ್ಟ್ ಆಗಬಾರದು. ಪೈಪಿನಲ್ಲಿ ಉಳಿದ ಪೆಟ್ರೋಲಿಗೆ ಒಂದೆರಡು ಸಲ ಕೆಮ್ಮಿ ಆಮೇಲೆ ಸುಮ್ಮನಾಗುತ್ತದೆ. ಒಬ್ಬರು ಡಬ್ಬಿಗೆ ಹೊಸ ಆಯಿಲ್ ಸುರಿಯುತ್ತಿರಲಿ, ಇನ್ನೊಬ್ಬರು ಐದು ಸೆಕೆಂಡ್‌ಗಿಂತ ಜಾಸ್ತಿ ಇಲ್ಲದಂತೆ ಸೆಲ್ಫ್ ಹೊಡೆದು ಬಿಡಲಿ. ಮಧ್ಯೆ ಸ್ಟಾರ್ಟರ್‌ಗೆ ಬಿಡುವು ಕೊಡಿ. ಡಬ್ಬಿ ಖಾಲಿ ಆಗಲು ಬಿಡಬೇಡಿ. ಬಾಟಲಿಗೆ ಬರುವ ಆಯಿಲ್ ಹೊಸದರ ಬಣ್ಣಕ್ಕೆ ತಿರುಗಿದಾಗ ನಿಲ್ಲಿಸಿ, ಹೋಸ್ ವಾಪಸ್ ಡಬ್ಬಿಗೆ ಸಿಕ್ಕಿಸಿ, ಫ್ಯೂಸ್ ಹಾಕಿ.

ಏರ್ ಬಿಡಿಸುವುದು

ಇಲ್ಲಿ ಅವಸರ ಮಾಡುವವರೇ ಜಾಸ್ತಿ. ಎಲ್ಲ ಕೂರಿಸಿದ ಖುಷಿಯಲ್ಲಿ ನೇರ ಇಂಜಿನ್ ಸ್ಟಾರ್ಟ್ ಮಾಡಿಬಿಡುತ್ತಾರೆ. ಪಂಪ್ ಒಂದೇ ಕ್ಷಣದಲ್ಲಿ ಗಾಳಿಯನ್ನೂ ಆಯಿಲನ್ನೂ ಕಡೆದು ಸಣ್ಣ ಸಣ್ಣ ಗುಳ್ಳೆ ಮಾಡುತ್ತದೆ. ಆಮೇಲೆ ಅವು ಹೊರಗೆ ಬರಲು ಗಂಟೆಗಟ್ಟಲೆ ಹಿಡಿಯುತ್ತದೆ.

ಡಬ್ಬಿಯನ್ನು ಮೇಲಿನ ಗೆರೆಯವರೆಗೂ ತುಂಬಿಸಿ. ಚಕ್ರಗಳು ಇನ್ನೂ ಮೇಲೇ ಇರಲಿ, ಇಂಜಿನ್ ಆಫ್. ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ 15ರಿಂದ 20 ಸಲ ತಿರುಗಿಸಿ. ಡಬ್ಬಿಯ ಹತ್ತಿರ ಇನ್ನೊಬ್ಬರು ನಿಂತು ನೋಡುತ್ತಿದ್ದರೆ ಗುಳ್ಳೆಗಳು ಬುಳಕ್ ಬುಳಕ್ ಅಂತ ಮೇಲೆ ಬರುವುದು ಕಾಣುತ್ತದೆ. ಮಟ್ಟ ಇಳಿದಂತೆ ತುಂಬಿಸುತ್ತಿರಲಿ. ಗುಳ್ಳೆ ನಿಂತ ಮೇಲೆ ಹತ್ತು ನಿಮಿಷ ಹಾಗೇ ಬಿಡಿ, ಹೋಗಿ ಕಾಫಿ ಕುಡಿದು ಬನ್ನಿ.

ಆಮೇಲೆ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಮತ್ತೆ ನಿಧಾನವಾಗಿ ಆ ಕಡೆ ಈ ಕಡೆ. ತುದಿಗೆ ತಾಗಿದ ತಕ್ಷಣ ವಾಪಸ್ ಬನ್ನಿ, ಅಲ್ಲೇ ಹಿಡಿದು ನಿಲ್ಲಬೇಡಿ. ನೊರೆ ಕಂಡರೆ ಆಫ್ ಮಾಡಿ, ಇಳಿಯುವವರೆಗೂ ಕಾದು, ಮತ್ತೆ ಶುರು ಮಾಡಿ. ಗಾಳಿ ಪೂರ್ತಿ ಹೋಗಿದೆಯಾ ಅಂತ ತಿಳಿಯಲು ಒಂದು ಒಳ್ಳೇ ಉಪಾಯ ಇದೆ: ಇಂಜಿನ್ ಓಡುವಾಗ ಆಯಿಲ್ ಮಟ್ಟಕ್ಕೆ ಡಬ್ಬಿಯ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು, ಆಫ್ ಮಾಡಿದ ತಕ್ಷಣ ಮಟ್ಟ ಎಷ್ಟು ಏರುತ್ತದೆ ನೋಡಿ. 5 ಮಿಲಿಮೀಟರ್‌ಗಿಂತ ಜಾಸ್ತಿ ಏರಿದರೆ ಒಳಗೆ ಇನ್ನೂ ಗಾಳಿ ಇದೆ, ಒತ್ತಡ ಹೋದ ತಕ್ಷಣ ಹಿಗ್ಗಿ ಆಯಿಲನ್ನು ಮೇಲೆ ತಳ್ಳುತ್ತಿದೆ.

ಎಲ್ಲ ಸರಿ ಅನ್ನಿಸಿದ ಮೇಲೆ ಪೈಪುಗಳ ಸುತ್ತ ಒಣ ಬಟ್ಟೆಯಿಂದ ಒರೆಸಿ, ಇನ್ನೊಬ್ಬರಿಗೆ ಸ್ಟೀರಿಂಗ್ ತಿರುಗಿಸಲು ಹೇಳಿ, ಟಾರ್ಚ್ ಬಿಟ್ಟು ನೋಡಿ. ಓಡುತ್ತಿರುವ ಬೆಲ್ಟಿನಿಂದ ಕೈ, ತೋಳು, ಶಾಲು ಎಲ್ಲ ದೂರ. ಗಾಡಿ ಇಳಿಸಿ ಬೋಲ್ಟುಗಳನ್ನೂ, ಬಿಚ್ಚಿದ್ದರೆ ಚಕ್ರದ ನಟ್‌ಗಳನ್ನೂ ಇನ್ನೊಮ್ಮೆ ಟೈಟ್ ಮಾಡಿ, ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬನ್ನಿ, ನೇರ ಹೊಸೂರು ರೋಡಿಗೆ ಹೋಗಬೇಡಿ. ರಾತ್ರಿ ಕೆಳಗೆ ರಟ್ಟು ಹಾಸಿಡಿ. ಬೆಳಿಗ್ಗೆ ರಟ್ಟಿನ ಮೇಲೆ ಕಲೆ ಎಲ್ಲಿದೆ ಅಂತ ನೋಡಿದರೆ ಲೀಕ್ ಎಲ್ಲಿಂದ ಅಂತ ಸುಮಾರಾಗಿ ಗೊತ್ತಾಗುತ್ತದೆ. ವಾರದ ಮೇಲೆ ಮಟ್ಟ, ಬೆಲ್ಟ್ ಎರಡನ್ನೂ ಮತ್ತೆ ನೋಡಿ.

ಇನ್ನು ಪಂಪ್ ಬೇಗ ಸವೆಯುವುದಕ್ಕೆ ನಮ್ಮ ಊರಿನ ಬೀದಿಗಳೂ ಕಾರಣ. 30×40 ಸೈಟುಗಳ ಕ್ರಾಸ್ ರೋಡಿನಲ್ಲಿ ಎರಡೂ ಕಡೆ ಗಾಡಿ ನಿಂತಿರುತ್ತವೆ, ಗೇಟಿನೊಳಗೆ ನುಗ್ಗಿಸಲು ನಿಂತಲ್ಲೇ ಫುಲ್ ಕಟ್ ಹೊಡೆದು ಹಾಗೇ ಹಿಡಿದುಕೊಂಡು ಇಂಚಿಂಚು ಸರಿಸುತ್ತೇವೆ. ಸ್ಟೀರಿಂಗ್ ತುದಿಯಲ್ಲಿ ಹಿಡಿದಿದ್ದಷ್ಟು ಹೊತ್ತೂ ಆಯಿಲಿಗೆ ಹೋಗಲು ದಾರಿ ಇಲ್ಲ, ಪಂಪಿನೊಳಗಿನ ರಿಲೀಫ್ ವಾಲ್ವ್ ಮೂಲಕ ಅಲ್ಲೇ ಸುತ್ತುತ್ತಾ ಬಿಸಿಯಾಗುತ್ತದೆ. ತುದಿಗೆ ತಾಗಿದ ಮೇಲೆ ಒಂದು ಬೆರಳಿನಷ್ಟು ವಾಪಸ್ ಬಿಡಿ. ಗಾಡಿ ಅಷ್ಟೇ ತಿರುಗುತ್ತದೆ, ಪಂಪ್ ನಿರಾಳವಾಗುತ್ತದೆ.

ಹಳೇ ಆಯಿಲನ್ನು ಮೋರಿಗೆ, ರಾಜಕಾಲುವೆಗೆ ಸುರಿಯಬೇಡಿ. ಬಾಟಲಿಗೆ ತುಂಬಿ ಮುಚ್ಚಳ ಬಿಗಿದು ಹತ್ತಿರದ ಸರ್ವೀಸ್ ಸೆಂಟರ್‌ನವರನ್ನು ಕೇಳಿ. ಅವರ ಹತ್ತಿರ ವೇಸ್ಟ್ ಆಯಿಲಿನ ಡ್ರಮ್ ಇರುತ್ತದೆ, ಅದರ ಜೊತೆ ಇದೂ ಹೋಗಲಿ. ಹಳೇ ಪಂಪನ್ನು ಗುಜರಿಗೆ ಹಾಕುವ ಮುಂಚೆ ಸ್ಟೀರಿಂಗ್ ರಿಪೇರಿ ಮಾಡುವವರಿಗೆ ತೋರಿಸಿ, ಮೈ ಚೆನ್ನಾಗಿದ್ದರೆ ಅವರೇ ಕೊಂಡುಕೊಳ್ಳಬಹುದು.